ಆಯಿ ಬಿಟ್ಟ ರೊಟ್ಟಿ

ಶೈಲಜಾ ಮೊದಲ ಸಲ ನೀಟ್ ಬರೆಯುವಾಗ ಅವಳ ಆಯಿ, ಅಂದರೆ ಅಪ್ಪನ ತಾಯಿ ರಾಚವ್ವ, ಸಿರಸಂಗಿಯ ಕಾಳಮ್ಮನ ಮುಂದೆ ಹರಕೆ ಹೊತ್ತಿದ್ದಳು: ಮೊಮ್ಮಗಳಿಗೆ ಡಾಕ್ಟರ್ ಸೀಟು ಸಿಗುವವರೆಗೆ ರೊಟ್ಟಿ ಮುಟ್ಟುವುದಿಲ್ಲ. ಮೂರು ತಿಂಗಳ ಮಾತು ಎಂದುಕೊಂಡಿದ್ದಳು ಮುದುಕಿ. ಈಗ ಎರಡು ವರ್ಷಕ್ಕೆ ಬಂದಿತ್ತು. ಹುಟ್ಟಿದಾಗಿನಿಂದ ಜೋಳದ ರೊಟ್ಟಿಯ ಮೇಲೆ ಬದುಕಿದ ಜೀವ, ಎರಡು ಹೊತ್ತೂ ಅನ್ನ ಸಾರು ಉಂಡು ಹೊಟ್ಟೆ ತುಂಬಿತು ಎನ್ನುತ್ತಿತ್ತು. ಕುಪ್ಪಸದ ತೋಳು ಸಡಿಲಾಗಿ ಜೋತಾಡುತ್ತಿತ್ತು. ಆದರೂ ಮನೆಮಂದಿಗೆಲ್ಲ ರೊಟ್ಟಿ ಬಡಿಯುವವಳು ಅವಳೇ.

ಎರಡನೆಯ ಸಲವೂ ಅಂಕ ಸಾಲದಾದಾಗ, ರಾಮದುರ್ಗದಲ್ಲೇ ಬಿಎಸ್ಸಿ ಸೇರುತ್ತೇನೆ ಎಂದು ಹೇಳಲು ಶೈಲಜಾ ಎಷ್ಟೋ ಸಲ ಬಾಯಿ ತೆರೆದಳು. ಆಗೆಲ್ಲ ಆಯಿಯ ರೊಟ್ಟಿಯಿಲ್ಲದ ತಾಟು ಕಣ್ಣಿಗೆ ಬಿತ್ತು. ಅಪ್ಪ ಕಾಡಪ್ಪ ಬೈಯಲಿಲ್ಲ. ಅವಳ ಕೋಣೆಗೆ ಹೊಸ ಟ್ಯೂಬ್‌ಲೈಟ್ ಹಾಕಿಸಿದ, ಮದುವೆ ಮುಂಜಿಗೆ ಕರೆದೊಯ್ಯುವುದನ್ನು ನಿಲ್ಲಿಸಿದ. ಹಳೆಯ ಪ್ರಶ್ನೆಪತ್ರಿಕೆಗಳು ಎಷ್ಟು ಬಾಯಿಪಾಠವಾಗಿದ್ದವೆಂದರೆ ಪ್ರಶ್ನೆ ಓದಿ ಮುಗಿಯುವ ಮೊದಲೇ ಕೈ ಉತ್ತರದ ವೃತ್ತ ತುಂಬುತ್ತಿತ್ತು. ಹೊಸ ಪ್ರಶ್ನೆ ಬಂದರೆ ಮಾತ್ರ ಕೈ ನಿಲ್ಲುತ್ತಿತ್ತು.

ಮೂರನೆಯ ಸಲ ಅರ್ಜಿ ಹಾಕಲು ಅಂದು ಕಡೆಯ ದಿನ. ಬೆಳಿಗ್ಗೆ ನೀರು ತುಂಬುವಾಗ ಪಕ್ಕದ ಮನೆಯ ಭಾಗೀರಥಿ ನಕ್ಕಿದ್ದಳು: “ಏನವಾ ಶೈಲಾ, ಈ ವರ್ಷರೆ ಮುದುಕಿಗೆ ರೊಟ್ಟಿ ತಿನಿಸ್ತೀಯೋ ಇಲ್ಲೋ?”

ಸಂಜೆಯೊಳಗೆ ಅರ್ಜಿ ಕಳಿಸಿಬಿಡು ಎಂದು ಹೇಳಿ ಅಪ್ಪ ಅಂಗಡಿಗೆ ಹೋಗಿದ್ದ. ಮೊಬೈಲಿನಲ್ಲಿ ಎಲ್ಲ ತುಂಬಿ ಆಗಿತ್ತು. ಕಡೆಯ ಗುಂಡಿ ಒತ್ತುವುದೊಂದೇ ಬಾಕಿ. ಶೈಲಜಾ ಮೊಬೈಲ್ ಹಿಡಿದುಕೊಂಡೇ ಅಡುಗೆಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಆಯಿಯ ಪಕ್ಕ ಕೂತಳು.

“ಆಯಿ, ಹರಕಿ ಬಿಟ್ಟಬಿಡು. ಕಾಳಮ್ಮಗ ತಪ್ಪಗಾಣಿಕಿ ಹಾಕಿದ್ರ ನಡೀತೈತಿ. ನನಗ ಇನ್ನ ಇದು ಆಗೂದಿಲ್ಲ.”

ರಾಚವ್ವನ ಕೈ ನಿಲ್ಲಲಿಲ್ಲ. ಅಂಗೈ ಕೆಳಗೆ ರೊಟ್ಟಿ ತಿರುಗುತ್ತ ಅಗಲವಾಯಿತು. ಆಯಿ ಸಿಟ್ಟಾಗಲಿ ಎಂದು ಶೈಲಜಾ ಕಾದಳು; ಅವಳು ಸಿಟ್ಟಾದರೆ ತಾನೂ ಸಿಟ್ಟಾಗಬಹುದಿತ್ತು.

“ಹರಕಿ ಬಿಟ್ರ ನಿನ್ನ ಮ್ಯಾಲಿನ ಭರವಸಿ ಬಿಟ್ಟಂಗ ಆಗ್ತೈತಲ್ಲವಾ,” ಎಂದಳು ರಾಚವ್ವ ಮೆಲ್ಲಗೆ. “ನನಗೇನ ಅವಸರಿಲ್ಲ. ಸಾಯೂದ್ರೊಳಗ ಒಂದ ಬಿಸಿ ರೊಟ್ಟಿ, ಮ್ಯಾಲ ಒಂಚೂರು ಗುರೆಳ್ಳ ಚಟ್ನಿ. ಅಷ್ಟ ಸಾಕು.”

ಉಬ್ಬಿದ ರೊಟ್ಟಿಯನ್ನು ಹಂಚಿನಿಂದ ತೆಗೆದು ಮೊಮ್ಮಗಳ ತಾಟಿಗೆ ಹಾಕಿದಳು. ಆಮೇಲೆ ಒಂದೊಂದೇ ಬೆರಳನ್ನು ನೀರಿನಲ್ಲಿ ಉಜ್ಜಿ ತೊಳೆದಳು. ಅಂಟಿದ ಹಿಟ್ಟು ಮರೆತೂ ಬಾಯಿಗೆ ಹೋಗಬಾರದೆಂದು ಎರಡು ವರ್ಷದಿಂದ ಹೀಗೆಯೇ ತೊಳೆಯುತ್ತಿದ್ದಳು.

ಶೈಲಜಾ ಗುಂಡಿ ಒತ್ತಿದಳು. ಅರ್ಜಿ ಹೋಯಿತು.

“ಕಳಿಸಿದೇನು?”

“ಹೂಂ.”

“ತಿನ್ನು ಮತ್ತ. ಆರತೈತಿ.”

ಶೈಲಜಾ ರೊಟ್ಟಿ ಮುರಿದಳು. ಆಯಿ ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡಳು.