ಮಂಡಿ ವಾರ್ಡಿನಲ್ಲಿ ಒಂದು ಅಳು

ಆ ಆಸ್ಪತ್ರೆಯ ಹೆರಿಗೆ ವಾರ್ಡು ಮಂಡಿನೋವಿನ ಮುದುಕರ ವಾರ್ಡಾಗಿ ಎಷ್ಟೋ ವರ್ಷವಾಗಿತ್ತು. ಊರಿನಲ್ಲಿ ಹೆರುವವರೇ ಇಲ್ಲ ಅಂದಮೇಲೆ ಹೆರಿಗೆ ವಾರ್ಡು ಇಟ್ಟುಕೊಂಡು ಪೂಜೆ ಮಾಡಬೇಕೇ? ತೊಟ್ಟಿಲುಗಳು ಉಗ್ರಾಣ ಸೇರಿದವು, ಊರುಗೋಲುಗಳು ಸಾಲಾಗಿ ನಿಂತವು. ಉಳಿದವಳು ದೊಡ್ಡ ನರ್ಸ್ ಒಬ್ಬಳೇ. ಎಳೆಗೂಸುಗಳನ್ನು ಎತ್ತಿದ್ದ ಕೈ ಈಗ ಕೆಮ್ಮುವ ಅಜ್ಜಂದಿರ ಬೆನ್ನು ತಿಕ್ಕುತ್ತಿತ್ತು. ಕಿವಿ ಮಂದವಾದವರ ನಡುವೆ ಕೂಗಿ ಕೂಗಿ ಅವಳ ಗಂಟಲು ತಮಟೆಯಾಗಿತ್ತು. "ಮನೇಲಾದ್ರೂ ಮೆತ್ತಗೆ ಮಾತಾಡೇ ಮಹಾತಾಯಿ!" ಎಂದು ಗಂಡ ಗೋಗರೆಯುತ್ತಿದ್ದ.

ಒಂದು ಬೆಳಿಗ್ಗೆ ಬಸ್ಸೊಂದು ನೇರ ಆಸ್ಪತ್ರೆಯ ಬಾಗಿಲಿಗೇ ಬಂದು ನಿಂತಿತು. ಕಂಡಕ್ಟರ್ ತನ್ನ ಹೆಂಡತಿಯನ್ನು ದೂರದ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ದಾರಿಯಲ್ಲೇ ನೋವು ಶುರುವಾಗಿತ್ತು.

"ಇನ್ನು ಮುಂದಕ್ಕೆ ಹೋಗಕ್ಕಾಗಲ್ಲ ಅಕ್ಕಾ!" ಎಂದು ನರ್ಸಿಗೆ ಕೈಮುಗಿದ.

ಮಂಡಿ ಡಾಕ್ಟರ ಮುಖ ಬಿಳಿಚಿಕೊಂಡಿತು. "ನಾನು ಹೆರಿಗೆ ಮಾಡ್ಸಿ ಯಾವ ಕಾಲ ಆಯ್ತು! ನೀವೇ ಮುಂದೆ ನಿಲ್ಲಿ."

ನರ್ಸ್ ಕೈ ತೊಳೆಯಲು ಓಡಿದಳು. ಕೈಗೆ ಮರೆತುಹೋಗಿದ್ದರೆ? ಎರಡು ಜೀವದ ಮಾತು! ಆದರೂ ಹೆದರಿಕೆಯ ಅಡಿಯಲ್ಲಿ ಎಂಥದೋ ಖುಷಿ ಕುಣಿಯುತ್ತಿತ್ತು.

ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಹಾಸಿಗೆ ಬಿಟ್ಟು ಏಳೆನೆಂದು ಹಟ ಹಿಡಿದವರೂ ಊರುಗೋಲು ಹಿಡಿದು ಬಾಗಿಲ ಹೊರಗೆ ಜಮಾಯಿಸಿದರು. "ಕಿವಿ ಯಂತ್ರ ಜೋರು ಮಾಡ್ಕೊಳ್ರೋ, ಅಳು ತಪ್ಪಿಹೋದೀತು!" ಎಂದು ಒಬ್ಬ ಅಜ್ಜ ಎಲ್ಲರ ಕಿವಿಯತ್ತ ಕೈ ತೋರಿಸಿದ.

ಮಗು ಬಂತು. ಅಳು ಬರಲಿಲ್ಲ.

ನರ್ಸ್ ಒರೆಸಿದಳು, ಬಾಯಿ ಶುಚಿ ಮಾಡಿದಳು, ಬೆನ್ನು ತಿಕ್ಕಿದಳು. ಊಹೂಂ. ತಾಯಿ ತಲೆಯೆತ್ತಿ, "ಯಾಕಕ್ಕಾ ಸುಮ್ನಿದೆ?" ಎಂದಳು. ನರ್ಸಿನ ಕೈ ತಿಕ್ಕುವುದನ್ನು ಬಿಡಲಿಲ್ಲ, ಬಾಯಿಗೆ ದಿನನಿತ್ಯದ ಮಾತೇ ಬಂದುಬಿಟ್ಟಿತು.

"ಅಜ್ಜಾ! ಏಳಿ! ಉಸಿರು ಎಳ್ಕೊಳ್ಳಿ! ಜೋರಾಗಿ!"

ಮಗು ಬೆಚ್ಚಿತು. ಮುಖ ಕೆಂಪಗಾಯಿತು. ಆಮೇಲೆ ಚೀರಿತು ನೋಡಿ, ಕಿಟಕಿಯ ಗಾಜು ನಡುಗಬೇಕು!

ಡಾಕ್ಟರು ಕಣ್ಣೊರೆಸಿಕೊಂಡು ನಕ್ಕರು. "ಹೆಣ್ಣು ಮಗು ಕಣ್ರೀ. ಅಜ್ಜೀ ಅನ್ಬೇಕಿತ್ತು."

ಹೊರಗೆ ಊರುಗೋಲುಗಳು ನೆಲಕ್ಕೆ ಬಡಿದವು. "ನಂಗೆ ಕೇಳ್ತು! ನಂಗೂ ಕೇಳ್ತು!" ಎಂದು ಅಜ್ಜಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಬ್ಬರು ತೊಟ್ಟಿಲು ತರಲು ಉಗ್ರಾಣಕ್ಕೆ ಹೊರಟೇಬಿಟ್ಟರು.

ತಾಯಿಯ ಅಪ್ಪಣೆ ಪಡೆದು ನರ್ಸ್ ಮಗುವನ್ನು ಬಾಗಿಲಿಗೆ ತಂದಳು. ಅಷ್ಟೊಂದು ನೆರೆತ ತಲೆಗಳ ಮುಂದೆ ಬಾಗಿ, ಆ ಪುಟ್ಟ ಕಿವಿಯಲ್ಲಿ ಏನೋ ಹೇಳಿದಳು. ಅಷ್ಟು ಮೆತ್ತಗೆ ಮಾತಾಡಿ ಅವಳಿಗೆ ಎಷ್ಟು ಕಾಲವಾಗಿತ್ತೋ!

"ಏನಂದೆ? ಕೇಳಿಸ್ಲಿಲ್ಲ, ಜೋರಾಗಿ ಹೇಳಮ್ಮಾ!" ಎಂದರು ಎಲ್ಲರೂ.

"ನಿಮ್ಗಲ್ಲ, ಸುಮ್ನಿರಿ!" ಎಂದು ಗುಡುಗಿದಳು ದೊಡ್ಡ ನರ್ಸ್.