ಕೆಂಪು ಚಿಂದಿ ಕಟ್ಟಿದ ಲೋಟ

"ಆ ಮಡಕೆ ಮುಟ್ಟಬ್ಯಾಡ ಕಣೇ ಸೂಳೆಮುಂಡೆ. ಬ್ಯಾರೆಯೋರೂ ಕುಡೀಬೇಕು."

ಮೇಸ್ತ್ರಿ ಲಸ್ಸಾದ್ ಇದನ್ನು ಇಪ್ಪತ್ತು ಹೆಂಗಸರ ಎದುರು ಹೇಳಿದ. ನಾನು ಆಗಷ್ಟೇ ಏಣಿಯಿಂದ ಇಳಿದಿದ್ದೆ. ಬಲಗೈಯ ಮೂರು ಬೆರಳಿಗೆ ಸಿಕ್ಕಿಸಿದ ಆಡಿನ ಕೊಂಬು ಹಾಗೇ ಇತ್ತು. ನಮ್ಮ ಸ್ಫಾಕ್ಸ್ ಕಡೆ ಆಲಿವ್ ಕೊಂಬೆಯನ್ನು ಬಾಚುವುದು ಅದರಿಂದಲೇ. ಚಾಚಿದ ಕೈ ಹಿಂದೆ ತೆಗೆದುಕೊಂಡೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ತಪ್ಪು ನನ್ನದೇ. ನಾಳೆ ಒಂದು ದಿನ ರಜೆ ಬೇಕೆಂದು ಬೆಳಿಗ್ಗೆ ಅವನಿಗೆ ಆಸ್ಪತ್ರೆಯ ಚೀಟಿ ತೋರಿಸಿದ್ದೆ. ಹೋದ ಸುಗ್ಗಿಯಲ್ಲಿ ಆಸ್ಪತ್ರೆಯ ವ್ಯಾನು ಬಂದು ನಮ್ಮ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡಿದಾಗ ಕೊಟ್ಟದ್ದು ಅದು. ವೈರಸ್ ಇದೆ ಎಂದು ಮೊದಲ ಸಾಲು. ಜೀವಕೋಶ ಸರಿಯಿವೆ, ವರ್ಷಕ್ಕೆ ಮತ್ತೆ ಬನ್ನಿ ಎಂದು ಎರಡನೆಯದು. ಲಸ್ಸಾದ್ ಮೊದಲ ಸಾಲಿಗೇ ನಿಂತ.

ನೊಣ ಚುಚ್ಚಿದ ಕಾಯೆಲ್ಲ ಕೊಳೆಯುವುದಿಲ್ಲ ಎಂದಿದ್ದಳು ನರ್ಸಮ್ಮ. ಆದರೆ ಚುಚ್ಚಿದ ಕಾಯಿಯ ಮೇಲೆ ಕಣ್ಣಿಡಬೇಕು. ನೀರಿನಿಂದ, ಲೋಟದಿಂದ ಇದು ಅಂಟುವುದಿಲ್ಲ, ಗಂಡಸಿನಿಂದ ಬರುತ್ತದೆ, ಯಾವಾಗ ಯಾರಿಂದ ಎಂದು ಹೇಳಲಾಗದು ಎಂದೂ ಹೇಳಿದ್ದಳು. ನನ್ನ ನಾದಿನಿ ವಸೀಲಾ ಇಂಥದೇ ಚೀಟಿಯ ಎರಡನೆಯ ಸಾಲಿನ ಮೊದಲರ್ಧವನ್ನಷ್ಟೇ ನಂಬಿ, ಸುಗ್ಗಿ ಬಿಡಲಾರದೆ ಮತ್ತೆ ಹೋಗಲಿಲ್ಲ. ಆರನೆಯ ಸುಗ್ಗಿಗೆ ರಕ್ತ ನಿಲ್ಲದೆ ಸತ್ತಳು.

ಮಧ್ಯಾಹ್ನ ಲಸ್ಸಾದ್ ಒಂದು ತಗಡಿನ ಲೋಟಕ್ಕೆ ಕೆಂಪು ಚಿಂದಿ ಕಟ್ಟಿ ನನ್ನ ಕಾಲ ಬಳಿ ಎಸೆದ. ನಾಳೆ ಬರದಿದ್ದರೆ ನಾಡಿದ್ದೂ ಬರಬೇಡ ಎಂದ. ಮರಳುವಾಗ ಲಾರಿಯಲ್ಲಿ ಹೆಂಗಸರು ನನ್ನಿಂದ ಒಂದು ಗೇಣು ಸರಿದು ನಿಂತರು. ಐದು ವರ್ಷದ ಹಿಂದೆ, ನನ್ನ ಗಂಡ ಸತ್ತ ವರ್ಷ, ಗಾಣದ ಮನೆಯ ಹಿಂದೆ ನನ್ನ ಬಾಯಿ ಒತ್ತಿ ಹಿಡಿದವನು ಇದೇ ಲಸ್ಸಾದ್. ಅದು ಅವರಿಗೂ ಗೊತ್ತು. ಹಾಗೆ ಹಿಡಿಸಿಕೊಂಡವಳು ನಾನೊಬ್ಬಳೇ ಅಲ್ಲ.

ಬೆಳಿಗ್ಗೆ ಲಾರಿ ಹತ್ತಲಿಲ್ಲ. ರೊಟ್ಟಿ, ನೀರು, ಆ ಲೋಟ ಗಂಟು ಕಟ್ಟಿಕೊಂಡು ಆಸ್ಪತ್ರೆಗೆ ನಡೆದೆ.

ಬೆಂಚಿನ ಮೇಲೆ ಲಸ್ಸಾದನ ಹೆಂಡತಿ ಸಾಲ್ಹಾ ಕೂತಿದ್ದಳು. ಮುಸುಕು ಮೂಗಿನವರೆಗೆ ಎಳೆದಿದ್ದಳು. ಕೈಯಲ್ಲಿ ನನ್ನದರಂಥದೇ ಚೀಟಿ.

"ಅವನಿಗೆ ಗೊತ್ತಾ ಅಕ್ಕಾ?" ಎಂದೆ.

"ಗೊತ್ತಾದ್ರೆ ಮನೆಯಿಂದ ಓಡಿಸ್ತಾನೆ. ನಾನೇ ಎಲ್ಲೋ ಮಲಗಿ ತಂದೆ ಅಂತಾನೆ."

ಅವಳ ಪಕ್ಕ ಕೂತೆ. ಬಾಯಿ ಒಣಗಿದೆ ಎಂದಳು. ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ.

"ನಿನ್ ಗಂಡನೇ ಕಟ್ಟಿಕೊಟ್ಟಿದ್ದು. ನಂದು ಗಲೀಜು ರೋಗ ಅಂತ, ಕುಡಿಯಾಕೆ ಬ್ಯಾರೆ."

ಅವಳು ಚಿಂದಿ ನೋಡಿದಳು, ನನ್ನನ್ನು ನೋಡಿದಳು. ಒಂದು ತೊಟ್ಟೂ ಉಳಿಸದೆ ಕುಡಿದಳು.

ಒಳಗಿನಿಂದ ನನ್ನ ಹೆಸರು ಕೂಗಿದರು: ಮಬ್ರೂಕಾ. ಎದ್ದೆ. ಸಾಲ್ಹಾ ಲೋಟ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ.

"ಇಟ್ಕೋ. ಇವತ್ತು ಅವನು ಉಣ್ಣಾಕೆ ಕೂತಾಗ ಇದ್ರಲ್ಲೇ ನೀರು ಕೊಡು. ಚಿಂದಿ ಬಿಚ್ಚಬ್ಯಾಡ."

ಸಾಲ್ಹಾ ಸಡಿಲವಾಗಿದ್ದ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿ, ಲೋಟವನ್ನು ಚೀಲಕ್ಕೆ ಹಾಕಿಕೊಂಡಳು.