ಟೊರ್ಕಿಲ್‌ನ ಮೈಯಳತೆ

ಕೋಪನ್‌ಹೇಗನ್ನಿನ ಹಳೆಯ ಹಡಗುಕಟ್ಟೆಯ ಶೆಡ್ಡಿನಲ್ಲಿ ಪ್ರತಿ ಸೋಮವಾರ ಸಂಜೆ ಸೇರುವ ಮೂವತ್ತು ಮಂದಿಗೆ ಒಂದೇ ಹುಚ್ಚು: ಕೈಯಾರೆ ಕಟ್ಟಿದ ರಾಕೆಟ್ಟಿನಲ್ಲಿ ತಮ್ಮವರೊಬ್ಬರನ್ನು ಬಾಹ್ಯಾಕಾಶ ಮುಟ್ಟಿಸಿ ತರುವುದು. ಸಂಬಳವಿಲ್ಲ, ಸರಕಾರದ ಹಂಗಿಲ್ಲ. ಹೋಗುವವರು ಯಾರೆಂದು ಒಂಬತ್ತು ವರ್ಷದಲ್ಲಿ ಒಮ್ಮೆಯೂ ತೀರ್ಮಾನವಾಗಿರಲಿಲ್ಲ. ಆದರೆ ಸೀಟು ಮಾಡಲು ಒಂದು ಮೈ ಬೇಕಿತ್ತಲ್ಲ, ಒಂದು ಸೋಮವಾರವೂ ತಪ್ಪಿಸದ ಅಂಚೆಯವ ಟೊರ್ಕಿಲ್‌ನನ್ನೇ ಮಲಗಿಸಿ ಅಳತೆ ತೆಗೆದರು. ಸೀಟು, ಮೈಗೆ ಬಿಗಿಯುವ ಪಟ್ಟಿ, ಕಿಟಕಿಯ ಎತ್ತರ ಎಲ್ಲವೂ ಅವನಿಗೇ ಹೊಂದಿಕೊಂಡವು. ಹೋಗುವವನು ನೀನೇ ಎಂದು ಯಾರೂ ಹೇಳಲಿಲ್ಲ; ನೀನಲ್ಲ ಎಂದೂ ಹೇಳಲಿಲ್ಲ. ಬಾಯಿಬಿಟ್ಟು ಕೇಳದ, ಹೇಳದ ಇಂಥ ಪೆದ್ದುತನ ಮನಸ್ಸಿಟ್ಟು ದುಡಿಯುವವರಿಗೇ ಬರುವುದು.

ಎರಡು ವಾರದ ಹಿಂದೆ ವೈದ್ಯರು ಟೊರ್ಕಿಲ್‌ನ ಎದೆಬಡಿತ ಸರಿಯಿಲ್ಲವೆಂದಿದ್ದರು. ಅವನು ಯಾರಿಗೂ ಬಾಯಿಬಿಟ್ಟಿರಲಿಲ್ಲ.

ಇವತ್ತೂ ರಾಕೆಟ್ಟಿನ ತುದಿಗೆ ಕೂರಿಸುವ ಕ್ಯಾಪ್ಸೂಲಿನೊಳಗೆ, ತನ್ನ ಸೀಟಿನಲ್ಲಿ ಮಲಗಿದ್ದ. ಪುಟ್ಟ ಕಿಟಕಿಯಲ್ಲಿ ಜೂನ್ ತಿಂಗಳ ಮುಗಿಯದ ಬೆಳಕು. ಕಣ್ಣು ಮುಚ್ಚಿದರೆ ಸಾಕು, ಮೇಲಿನ ತಗಡು ಕರಗಿ, ಬಾಲ್ಟಿಕ್ ಸಮುದ್ರ ಬಟ್ಟಲಿನ ನೀರಿನಷ್ಟಾಗಿ, ಮೈ ಪಟ್ಟಿಯೊಳಗೇ ಹಗುರಾಗಿ ತೇಲುತ್ತಿತ್ತು. ಸುಮ್ಮನಿದ್ದರೆ ಮುಂದಿನ ಸೋಮವಾರವೂ ತೇಲಬಹುದಿತ್ತು. ಅವನಿಗೆ ಆಸೆಯಾಯಿತು, ತುಂಬಾ ಆಸೆಯಾಯಿತು.

"ಏಳೋ ಮಾರಾಯ, ಕಾಫಿ ಆರ್ತಿದೆ!" ಬೆಸುಗೆ ಕೆಲಸದ ಬೋದಿಲ್ ಹೊರಗಿನಿಂದ ಬಡಿದಳು. "ನಾಳೆ ಸೀಟು ಬೆಸೆದು ಕೂರಿಸಿಬಿಡ್ತೀನಿ. ಆಮೇಲೆ ಬನ್ನು ತಿಂದು ದಪ್ಪ ಆದ್ಯೋ, ಜೋಕೆ!"

"ಬೆಸೀಬೇಡ ಬೋದಿಲ್," ಎಂದ. "ನನ್ನ ಹೃದಯ ಕೈಕೊಟ್ಟಿದೆ. ನಾನು ಹೋಗೋ ಹಾಗಿಲ್ಲ."

"ಯಾವಾಗ ಗೊತ್ತಾಯ್ತು?"

"ಎರಡು ವಾರ ಆಯ್ತು."

"ಕತ್ತೆ!" ಎಂದಳು. ಅವಳ ಕಣ್ಣು ತುಂಬಿತ್ತು. ಮೂಗೊರೆಸಿಕೊಂಡು ಕೂಗಿದಳು: "ಸಿಗ್ರಿದ್, ಇಲ್ಲಿ ಬಾರೇ. ಇದ್ರಲ್ಲಿ ಮಲಕ್ಕೋ."

ಸಿಗ್ರಿದ್ ಪ್ಯಾರಾಚೂಟ್ ಹೊಲಿಯುವವಳು, ಟೊರ್ಕಿಲ್‌ಗಿಂತ ಗೇಣುದ್ದ ಎತ್ತರ. ಅವನು ಕೆಳಗಿಳಿದು, ಅವಳ ಪಟ್ಟಿಯನ್ನು ತಾನೇ ಬಿಗಿದ.

"ತಲೆ ಸೀಟಿನ ಕುಳೀಲಿ ಕೂರ್ತಿಲ್ಲ, ಮೇಲಿನ ಅಂಚಿಗೆ ತಾಗ್ತಿದೆ," ಎಂದಳು ಸಿಗ್ರಿದ್. ಹಾಗೇ ಕೇಳಿದಳು, "ನಿಂಗೆ ಬೇಜಾರಿಲ್ವಾ?"

"ಇದೆ," ಎಂದ ಟೊರ್ಕಿಲ್. "ತುಂಬಾ ಇದೆ. ಈಗ ಅಲ್ಲಾಡ್ಬೇಡ."

ಇಷ್ಟು ವರ್ಷ ತನ್ನ ತಲೆಯಿಟ್ಟಿದ್ದ ಆ ಕುಳಿಯ ಮೇಲೆ, ಅವಳ ತಲೆಗೆ ಅಡ್ಡ ಬರುವಲ್ಲಿ, ಸೀಮೆಸುಣ್ಣದಿಂದ ನೇರವಾಗಿ ಗೆರೆ ಎಳೆದ. ಅವಳು ಇಳಿದ ಮೇಲೆ, ಬೋದಿಲ್ ಬೇಡವೆನ್ನುತ್ತಿದ್ದರೂ, ಆ ಗೆರೆಗುಂಟ ಕೊಯ್ಯಲು ಗರಗಸ ಕೈಗೆತ್ತಿಕೊಂಡ.